ಪೇಟ ಸುತ್ತಿದರೆ ವಿಶ್ವೇಶ್ವರಯ್ಯ?

ದೆಹಲಿ ಮೆಟ್ರೋದ ಪಿಂಕ್ ಲೈನಿನಲ್ಲಿ ದುರ್ಗಾಬಾಯಿ ದೇಶಮುಖ್ ಸೌತ್ ಕ್ಯಾಂಪಸ್ ಆದ ಮೇಲೆ ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್, ಆಮೇಲೆ ಭಿಕಾಜಿ ಕಾಮಾ ಪ್ಲೇಸ್, ಸರೋಜಿನಿ ನಗರ. ಸಾಲಾಗಿ ನಾಲ್ಕು ಚರಿತ್ರೆಯ ಹೆಸರುಗಳು. ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಬಂದು ಹೋಗುವ ನಮ್ಮ ಮಕ್ಕಳಿಗೆ ಎರಡನೆಯದು ಚೆನ್ನಾಗಿ ಗೊತ್ತು. ಯಾರವರು ಅಂತ ಕೇಳಿ, ‘ನಮ್ಮವರು, ಕೆಆರ್‌ಎಸ್ ಕಟ್ಟಿದವರು’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅಣೆಕಟ್ಟಿಗೆ ಗೇಟು ಯಾಕಪ್ಪಾ ಬೇಕು ಅಂತ ಕೇಳಿದರೆ ಮಗು ಅಪ್ಪನ ಮುಖ ನೋಡುತ್ತದೆ. ಅಪ್ಪ ಮೊಬೈಲ್ ನೋಡುತ್ತಾನೆ.

ಸೆಪ್ಟೆಂಬರ್ 15 ಬಂತೆಂದರೆ ಛದ್ಮವೇಷ. ಮೈಸೂರು ಪೇಟ, ಕೋಟು, ಕೈಯಲ್ಲೊಂದು ಕೋಲು. ‘1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದೆ, 1955ರಲ್ಲಿ ಭಾರತರತ್ನ ಬಂತು’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ, ಚಪ್ಪಾಳೆ ತಗೊಂಡು ಇಳಿದರೆ ಮುಗಿಯಿತು. ಜೊತೆಗೆ ಆ ದೀಪದ ಕಥೆ: ಸರ್ಕಾರಿ ಕೆಲಸಕ್ಕೆ ಸರ್ಕಾರದ ದೀಪ, ಸ್ವಂತ ಕೆಲಸಕ್ಕೆ ಸ್ವಂತ ದೀಪ. ಕಥೆ ಒಳ್ಳೆಯದೇ. ಆದರೆ ಇದನ್ನೇ ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ. ವಿಶ್ವೇಶ್ವರಯ್ಯನವರಿಗೆ ಮಾತ್ರ ಸೇರಿದ ಕಥೆ ಬೇರೆ ಇದೆ, ಅದನ್ನು ನಾವು ಹೇಳುವುದಿಲ್ಲ.

ಅದು ಪುಣೆ ಹತ್ತಿರದ ಖಡಕ್‌ವಾಸ್ಲಾದ್ದು. ಮಳೆಗಾಲದಲ್ಲಿ ಅಲ್ಲಿನ ಜಲಾಶಯ ಕೋಡಿ ಬಿದ್ದು ನೀರು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಅದೇ ನೀರಿಗೆ ಪರದಾಟ. ಕಟ್ಟೆಯನ್ನೇ ಎತ್ತರಿಸೋಣ ಎಂದರೆ ಖರ್ಚು ಒಂದು ಕಡೆ, ಹಳೆಯ ಗೋಡೆಯ ಮೇಲೆ ಬೀಳುವ ಒತ್ತಡ ಇನ್ನೊಂದು ಕಡೆ. ಮುಂಬಯಿ ಪ್ರಾಂತ್ಯದ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯ ಕಟ್ಟೆಯನ್ನು ಮುಟ್ಟದೆ ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ನೀರು ನಿಗದಿತ ಮಟ್ಟದವರೆಗೆ ನಿಲ್ಲುತ್ತದೆ, ದಾಟಿದರೆ ಗೇಟು ತಾನಾಗಿ ತೆರೆದು ಹೆಚ್ಚಿನದನ್ನು ಬಿಡುತ್ತದೆ, ಮಟ್ಟ ಇಳಿದರೆ ತಾನಾಗಿ ಮುಚ್ಚುತ್ತದೆ. 1903ರ ಮಾತು ಇದು. ನಡುರಾತ್ರಿ ಪ್ರವಾಹ ಬಂದರೂ ಯಾರೂ ಓಡಿಹೋಗಿ ಚಕ್ರ ತಿರುಗಿಸಬೇಕಿಲ್ಲ, ನೀರೇ ಕೆಲಸಗಾರ. ಇದೇ ಬಗೆಯ ಗೇಟುಗಳು ಆಮೇಲೆ ಗ್ವಾಲಿಯರ್‌ನ ತಿಗ್ರಾಕ್ಕೂ ಕೆಆರ್‌ಎಸ್‌ಗೂ ಬಂದವು. ಗ್ವಾಲಿಯರ್ ನಮಗೆ ಮೈಸೂರಿಗಿಂತ ಎಷ್ಟೋ ಹತ್ತಿರ.

ಇದು ಮೂರು-ನಾಲ್ಕನೇ ಕ್ಲಾಸಿನವರ ತಲೆಗೆ ಭಾರವಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ‘ಪಾನೀ ಕೀ ಟಂಕೀ ಭರ್ ಗಯೀ ಹೈ’ ಎಂದು ಮನೆಮನೆಯಲ್ಲಿ ಕೂಗುವ ಅಲಾರಂ ಕೇಳಿಕೊಂಡು, ಟ್ಯಾಂಕರ್ ಬರಲಿಲ್ಲವೆಂದು ಅಮ್ಮ ಗೊಣಗುವುದನ್ನು ನೋಡಿಕೊಂಡು ಬೆಳೆಯುವ ಮಕ್ಕಳು ಇವರು. ತುಂಬಿ ಚೆಲ್ಲುವುದೂ ಗೊತ್ತು, ಖಾಲಿಯಾಗುವುದೂ ಗೊತ್ತು.

ಭಾನುವಾರ ಬಾತ್‌ರೂಮಿನಲ್ಲಿ ಮಾಡಿ ನೋಡಿ. ಮೂವತ್ತು ಸೆಂಟಿಮೀಟರಿನ ಸ್ಕೇಲು, ಅಡಿಯಲ್ಲೊಂದು ಪೆನ್ಸಿಲ್, ಅಂದರೆ ಏತಪೇತ. ಒಂದು ತುದಿಗೆ ನಾಲ್ಕೈದು ನಾಣ್ಯ, ಇನ್ನೊಂದು ತುದಿಗೆ ಪೇಪರ್ ಕಪ್ ಅಂಟಿಸಿ. ಕಪ್ಪಿನ ಪಕ್ಕದಲ್ಲಿ, ತಳದ ಹತ್ತಿರ ಪಿನ್ನಿನಿಂದ ಒಂದು ತೂತು. ನಾಣ್ಯದ ತುದಿಯೇ ಗೇಟು ಅಂದುಕೊಳ್ಳಿ. ನೀರನ್ನು ತೊಟ್ಟುತೊಟ್ಟಾಗಿ ಬಿಟ್ಟರೆ ತೂತಿನಿಂದ ಹೋಗುತ್ತಿರುತ್ತದೆ, ಗೇಟು ಅಲುಗುವುದಿಲ್ಲ. ಜೋರಾಗಿ ಬಿಟ್ಟರೆ ಕಪ್ ತುಂಬಿ ಕೆಳಗಿಳಿಯುತ್ತದೆ, ಗೇಟು ಏಳುತ್ತದೆ. ನೀರು ನಿಲ್ಲಿಸಿದರೆ ಕಪ್ ಸೋರಿ ಹಗುರಾಗಿ ಗೇಟು ಮತ್ತೆ ಕೂರುತ್ತದೆ. ಖಡಕ್‌ವಾಸ್ಲಾದ ಗೇಟಿನ ನಕಲು ಇದಲ್ಲ. ಕೈ ಹಾಕದೆ ನೀರೇ ಬಾಗಿಲು ತೆಗೆಯಬಲ್ಲದು ಅನ್ನುವುದು ಮಗುವಿಗೆ ಕಣ್ಣಾರೆ ಕಂಡರೆ ಸಾಕು.

ಇನ್ನು ಆ ‘ಕೆಆರ್‌ಎಸ್ ಕಟ್ಟಿದವರು’. ಕೆಲಸ ಶುರುವಾದದ್ದು 1911ರಲ್ಲಿ, ಅವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ, ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಕಲ್ಲು ಹೊತ್ತವರು ಸಾವಿರಾರು ಮಂದಿ. ಕನ್ನಂಬಾಡಿ ಎಂಬ ಊರೇ ನೀರಿನಡಿ ಹೋಯಿತು. ಇದನ್ನು ಹೇಳಿದರೆ ವಿಶ್ವೇಶ್ವರಯ್ಯ ಚಿಕ್ಕವರಾಗುವುದಿಲ್ಲ. ಊರು ಮುಳುಗಿದವರು ಎಲ್ಲಿಗೆ ಹೋದರು ಅಂತ ಮಗು ಕೇಳುತ್ತದೆ, ಕೇಳಲಿ. ಎನ್‌ಸಿಇಆರ್‌ಟಿಯಲ್ಲಿ ಐದನೇ ಕ್ಲಾಸಿನವರೆಗೆ ವಿಜ್ಞಾನ ಬೇರೆ, ಸಮಾಜ ಬೇರೆ ಅಂತ ಹೇಗೂ ಇಲ್ಲ, ಎರಡೂ ಪರಿಸರ ಅಧ್ಯಯನದೊಳಗೇ.

ಈ ಸಲದ ಛದ್ಮವೇಷಕ್ಕೆ ಪೇಟ ಇರಲಿ, ಫೋಟೋಗೆ ಚೆಂದ. ಕೋಲಿನ ಬದಲು ಆ ಸ್ಕೇಲು, ಕಪ್ಪು, ಒಂದು ಚೊಂಬು ನೀರು ಕೊಟ್ಟು ವೇದಿಕೆಗೆ ಕಳಿಸಿ. ನೆಲ ಒರೆಸುವ ಬಟ್ಟೆ ಮರೆಯಬೇಡಿ.