ಮರಣ ಬೇಡುವವರಿಗೆ ನಮ್ಮ ಉತ್ತರವೇನು?

ಸ್ಟೇಶನ್ ಬಜಾರದ ಮನೆಯೊಂದರಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರನ್ನು ಕಾಣಲು ಹೋಗಿದ್ದೆ. "ಮೌಲಾನಾ, ಅಲ್ಲಾಹನು ನನ್ನನ್ನು ಬೇಗ ಕರೆದುಕೊಳ್ಳಲೆಂದು ದುಆ ಮಾಡಿರಿ" ಎಂದರು. ನೋವಿಗಿಂತಲೂ ಮಕ್ಕಳಿಗೆ ಭಾರವಾದೆನೆಂಬ ಸಂಕಟವೇ ಆ ಮಾತಿನಲ್ಲಿತ್ತು.

ಜೀವವು ಅಲ್ಲಾಹನ ಅಮಾನತ್ತು. ಚುಚ್ಚುಮದ್ದಿನಿಂದ ಅದನ್ನು ಕೊನೆಗಾಣಿಸುವ ಹಕ್ಕು ರೋಗಿಗೂ ಇಲ್ಲ, ವೈದ್ಯರಿಗೂ ಇಲ್ಲ. ನಮ್ಮ ದೇಶದ ಕಾನೂನೂ ಅದನ್ನು ಒಪ್ಪುವುದಿಲ್ಲ. ಆದರೆ ಗುಣವಾಗುವ ನಿರೀಕ್ಷೆಯೇ ಇಲ್ಲದಾಗ ಉಸಿರಾಟದ ಯಂತ್ರವನ್ನು ಹಿಂತೆಗೆಯುವುದು ಬೇರೆ ವಿಷಯ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಅವಕಾಶ ನೀಡಿತು. ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಕುಟುಂಬದ ಸಮ್ಮತಿಯೂ ಬೇಕು. ಕೊಲ್ಲುವುದಕ್ಕೂ ನಿಷ್ಫಲ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೂ ಇರುವ ಅಂತರವನ್ನು ಅನೇಕ ಫಿಕ್ಹ್ ವಿದ್ವಾಂಸರೂ ಗುರುತಿಸಿದ್ದಾರೆ.

ಆದರೂ ವೈದ್ಯರು ಸತ್ಯ ನುಡಿಯಲು ಅಂಜುತ್ತಾರೆ, ಮಕ್ಕಳು ಜನರ ಮಾತಿಗೆ ಅಂಜುತ್ತಾರೆ. ಈ ಎರಡು ಅಂಜಿಕೆಗಳ ನಡುವೆ ರೋಗಿಯ ಇಚ್ಛೆಯನ್ನು ಕೇಳುವವರೇ ಇರುವುದಿಲ್ಲ. ಪ್ರಜ್ಞೆಯಿರುವಾಗಲೇ ಕೇಳಿರಿ, ಆಲಿಮರೊಡನೆಯೂ ವೈದ್ಯರೊಡನೆಯೂ ಸಮಾಲೋಚಿಸಿರಿ.

ಉತ್ತರ ಕನ್ನಡದ ಹಳದಿಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯ ದಾದಿಯಾಗಿದ್ದರು. 1973ರಲ್ಲಿ ನಡೆದ ದಾಳಿಯ ಬಳಿಕ 2015ರಲ್ಲಿ ಸಾಯುವವರೆಗೂ ಅವರು ಅಲ್ಲಿಯೇ ಹಾಸಿಗೆಯಲ್ಲಿದ್ದರು. ಅವರಿಗೆ ದಯಾಮರಣ ಕೋರಿದ ಅರ್ಜಿಯನ್ನು ಅಲ್ಲಿನ ದಾದಿಯರು ವಿರೋಧಿಸಿದರು, ಕೊನೆಯವರೆಗೂ ಸೇವೆ ಮಾಡಿದರು. ರಕ್ತಸಂಬಂಧವಿಲ್ಲದವರು ಹೊತ್ತ ಹೊಣೆಯನ್ನು ಮಕ್ಕಳಾದ ನಾವು ಭಾರವೆನ್ನಬಹುದೇ?

ಆ ಹಿರಿಯರಿಗೆ ಆಫಿಯತ್ತಿಗಾಗಿ ದುಆ ಮಾಡಿದೆ. ಹೊರಡುವಾಗ ಅವರ ಮಗನಿಗೆ ಹೇಳಿದೆ: "ಅಬ್ಬಾರ ಬಳಿ ದಿನವೂ ಸ್ವಲ್ಪ ಹೊತ್ತು ಕುಳಿತುಕೋ."