ಮೆಲ್ಬರ್ನಿನ 3 ಮತ್ತು 1

ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಮೊದಲ ಟೆಸ್ಟ್ ಆಡಿದ್ದು 2014ರ ಡಿಸೆಂಬರಿನಲ್ಲಿ, ಮೆಲ್ಬರ್ನಿನಲ್ಲಿ. ಮೊದಲ ಇನ್ನಿಂಗ್ಸಿನಲ್ಲಿ ಆರನೆಯವರಾಗಿ ಬಂದು 3 ರನ್, ಎರಡನೆಯದರಲ್ಲಿ ಮೂರನೆಯವರಾಗಿ ಬಂದು 1. ಎರಡು ಸಲವೂ ದೊಡ್ಡ ಹೊಡೆತದ ಆಸೆಗೆ ವಿಕೆಟ್ ಒಪ್ಪಿಸಿದರು. ಪಂದ್ಯ ಡ್ರಾ ಆಯಿತು, ಸರಣಿ ಕೈತಪ್ಪಿತು. ಅಂದೇ ಧೋನಿ ಟೆಸ್ಟಿಗೆ ವಿದಾಯ ಹೇಳಿದರು. ನಾಯಕತ್ವ ಕೊಹ್ಲಿಯ ಹೆಗಲಿಗೆ ಬಂತು.

ಇಂಥ ಹೊತ್ತಿನಲ್ಲಿ ಹೊಸಬನನ್ನು ಕೈಬಿಡುವುದು ಸುಲಭ. ತಂಡ ರಾಹುಲ್ ಅವರನ್ನು ಉಳಿಸಿಕೊಂಡು, ಕ್ರಮಾಂಕವನ್ನು ಬದಲಿಸಿತು. ಕರ್ನಾಟಕದ ಪರ ಅವರು ಆಡುತ್ತಿದ್ದ ಆರಂಭಿಕ ಸ್ಥಾನವನ್ನೇ ಸಿಡ್ನಿಯಲ್ಲಿ ಕೊಟ್ಟಿತು. ರಾಹುಲ್ ಅವಸರ ಬಿಟ್ಟರು. ಸ್ಮಿತ್ ಕೈಚೆಲ್ಲಿದ ಒಂದು ಕ್ಯಾಚೂ ನೆರವಾಯಿತು. 262 ಎಸೆತ, 110 ರನ್. ಸರಣಿ 0-2ರಿಂದ ಸೋತರೂ ಭಾರತಕ್ಕೊಬ್ಬ ಆರಂಭಿಕ ಆಟಗಾರ ಸಿಕ್ಕಿದರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳಲ್ಲಿ ಕಿರುಪರೀಕ್ಷೆಯ ಗಣಿತದ ಅಂಕ ಇಳಿದರೆ ಬ್ಯಾಟು ಅಟ್ಟ ಸೇರುತ್ತದೆ. ಅದಕ್ಕೆ ಮೊದಲು ಹೆತ್ತವರು ಮಕ್ಕಳೊಡನೆ ಕೂತು ಉತ್ತರಪತ್ರಿಕೆ ಬಿಡಿಸಲಿ. ಸೂತ್ರ ತಿಳಿಯಲಿಲ್ಲವೇ? ಅವಸರದಲ್ಲಿ ಲೆಕ್ಕ ತಪ್ಪಿತೇ? ಕಾರಣ ಗೊತ್ತಾದರೆ ಮುಂದಿನ ಪರೀಕ್ಷೆಗೆ ಏನು ಬದಲಿಸಬೇಕೆಂಬುದೂ ಗೊತ್ತಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಎರಡನೆಯ ಅವಕಾಶವನ್ನು ಹಿರಿಯರು ಕೊಡಬಹುದು. ಆ 262 ಎಸೆತಗಳನ್ನು ಮಾತ್ರ ನೀವೇ ಆಡಬೇಕು.