ತಾತನ ಪರೀಕ್ಷೆ

ಮಕ್ಕಳೇ, ನಿಮ್ಮ ಪರೀಕ್ಷೆಗಳು ಮುಗಿದಿರಬೇಕು. ನನ್ನದೂ ಹೋದ ತಿಂಗಳು ಮುಗಿಯಿತು. 73ನೇ ವಯಸ್ಸಿನಲ್ಲಿ ಇದ್ಯಾವ ಪರೀಕ್ಷೆ ತಾತ ಅಂತ ನಗಬೇಡಿ, ಹೇಳುತ್ತೇನೆ.

ಮೊದಲು ನನ್ನ ಮೊಮ್ಮಗನ ವಿಷಯ. ಅವನಿಗೆ ಒಂಬತ್ತು ವರ್ಷ. ಚನ್ನಪಟ್ಟಣದ ಬುಗುರಿ ತಂದುಕೊಟ್ಟರೆ ಆಡಿಸುವುದಿಲ್ಲ, ಬಣ್ಣ ನೋಡಿ ಸಾಲಾಗಿ ಜೋಡಿಸುತ್ತಾನೆ. ಯಾರಾದರೂ ಸಾಲು ಕೆಡಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಶಾಲೆಯಲ್ಲಿ ಗೆಳೆಯರು ಕಡಿಮೆ. ಆದರೆ ರಾಮನಗರದಲ್ಲಿ ನಿಲ್ಲುವ ಅಷ್ಟೂ ರೈಲುಗಳ ಹೊತ್ತು ಬಾಯಿಪಾಠ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ತೋರಿಸಿದಾಗ ಆಟಿಸಂ ಅಂದರು. ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ, ತನ್ನೊಳಗೇ ಲೀನವಾಗಿರುವುದು ಅಂತ. ಇದು ಅಂಟುವ ಕಾಯಿಲೆಯಲ್ಲ, ಬುದ್ಧಿ ಕೆಟ್ಟಿರುವುದೂ ಅಲ್ಲ. ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿ ಬೇರೆ, ಅಷ್ಟೆ.

ನಮ್ಮ ದೇಶದಲ್ಲಿ ಇದಕ್ಕೆ ಐಎಸ್‌ಎಎ ಎಂಬ ಅಳತೆ ಇದೆ. 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ. 70ರಿಂದ 106 ಬಂದರೆ ಸೌಮ್ಯ. ನಮ್ಮವನಿಗೆ 84.

ಆದರೆ ಮನೆಯಲ್ಲಿ ಅಂಕಕ್ಕಿಂತ ದೊಡ್ಡ ಪ್ರಶ್ನೆ, ಇದು ಯಾರಿಂದ ಬಂತು ಅನ್ನುವುದು. ನೆಂಟರು ತೀರ್ಪು ಕೊಟ್ಟೇಬಿಟ್ಟರು. ಸೊಸೆ ಕೆಲಸಕ್ಕೆ ಹೋಗುವವಳು, ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸಿದಳು, ಅದಕ್ಕೇ ಹೀಗಾಯಿತು ಅಂತ. ಕನಕಪುರದಲ್ಲಿ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಒಬ್ಬರು ಅವಳ ಎದುರಿಗೇ ಹಾಗಂದರು. ಅವಳು ಎಲೆ ಮಡಿಚಿ ಎದ್ದುಹೋದಳು. ನಾನು ಪಕ್ಕದ ಎಲೆಯಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಅವರು ಅಂದದ್ದರಲ್ಲಿ ಏನೋ ಇದೆ ಅಂತ ನನಗೂ ಒಳಗೊಳಗೇ ಅನ್ನಿಸಿತ್ತು.

ಆಮೇಲೊಂದು ದಿನ ಮೊಮ್ಮಗನ ತರಬೇತಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಮೇಡಂ ಯಾವುದೋ ತಂದೆತಾಯಿಗೆ ಲಕ್ಷಣಗಳನ್ನು ವಿವರಿಸುತ್ತಿದ್ದರು. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ಕಷ್ಟ, ಗದ್ದಲ ಸಹಿಸುವುದಿಲ್ಲ, ದಿನಚರಿ ಕೊಂಚ ಬದಲಾದರೂ ಕಂಗೆಡುತ್ತಾರೆ, ಸಂಖ್ಯೆಗಳಲ್ಲಿ ವಿಪರೀತ ಆಸಕ್ತಿ. ಕೇಳುತ್ತಾ ಕೂತವನಿಗೆ, ಈಯಮ್ಮ ನನ್ನ ಬಗ್ಗೆಯೇ ಹೇಳುತ್ತಿದ್ದಾರಲ್ಲ ಅನ್ನಿಸಿತು.

ಬ್ಯಾಂಕಿನಲ್ಲಿ ನಾನು ತಲೆ ಎತ್ತದ ಗುಮಾಸ್ತ ಅಂತಲೇ ಹೆಸರಾಗಿದ್ದವನು. ರೇಷ್ಮೆ ರೀಲರುಗಳ ಮುಖ ಮರೆತುಹೋಗುತ್ತಿತ್ತು, ಅವರ ಖಾತೆ ನಂಬರ್ ಮರೆಯುತ್ತಿರಲಿಲ್ಲ. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಊಟ ಸೇರುತ್ತಿರಲಿಲ್ಲ. ಎರಡು ಸಲ ಆಫೀಸರ್ ಪ್ರಮೋಷನ್ ಬಂದಾಗಲೂ ಬೇಡ ಅಂದೆ. ದಿನವಿಡೀ ಜನರ ಜೊತೆ ಮಾತಾಡಬೇಕಲ್ಲ! ಜೊತೆಯವರು ಅದನ್ನು ಜಂಬ ಅಂದರು, ನಮ್ಮ ಮನೆಯವಳು ಸೋಮಾರಿತನ ಅಂದಳು.

ನಾನೂ ತೋರಿಸಿಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಗಲಾಟೆಯಾಯಿತು. ಮಗ, "ಈ ವಯಸ್ಸಲ್ಲಿ ನಿಮಗ್ಯಾಕಪ್ಪ?" ಅಂದ. ಮನೆಯವಳು, "ರೀ, ನಿಮ್ಹಾನ್ಸ್ ಅಂದ್ರೆ ಜನ ಏನಂದ್ಕೋತಾರೆ?" ಅಂದಳು. ಅವಳದೂ ತಪ್ಪಲ್ಲ. ನಮ್ಮ ಕಾಲದವರಿಗೆ ಆ ಜಾಗ ಹುಚ್ಚಾಸ್ಪತ್ರೆ ಅಂತಲೇ ಗೊತ್ತು. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಲ್ಲೇ ಇದ್ದ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದ್ದು 1974ರಲ್ಲಿ, ನಾನು ಬ್ಯಾಂಕಿಗೆ ಸೇರಿದ ವರ್ಷ. ಐವತ್ತು ವರ್ಷವಾದರೂ ಹಳೆಯ ಹೆಸರು ಬಾಯಿಂದ ಹೋಗಿಲ್ಲ. ಅಂತೂ ಹೋದೆವು.

ರಕ್ತ ತೆಗೆಯುತ್ತಾರೆ, ತಲೆಗೆ ಸ್ಕ್ಯಾನ್ ಮಾಡುತ್ತಾರೆ ಅಂದುಕೊಂಡಿದ್ದೆ. ಆಟಿಸಂ ಅನ್ನು ಅದ್ಯಾವುದೂ ಹಿಡಿಯುವುದಿಲ್ಲವಂತೆ. ಬರೀ ಮಾತು, ಪ್ರಶ್ನೆ, ಮತ್ತೆ ಮಾತು. ಒಂದು ದಿನದಲ್ಲಿ ಮುಗಿಯಲೂ ಇಲ್ಲ. ಮೊದಲು 50 ಪ್ರಶ್ನೆಗಳ ಪಟ್ಟಿ ಕೊಟ್ಟರು. 2001ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನವರು ಮಾಡಿದ್ದು. ವಾಹನಗಳ ನಂಬರ್ ಪ್ಲೇಟ್ ಗಮನಿಸುತ್ತೀರಾ ಎಂಬ ಅರ್ಥದ ಪ್ರಶ್ನೆಯೂ ಅದರಲ್ಲಿತ್ತು. "ಎಲ್ಲೋ ಒಂದೊಂದು ಸಲ" ಅಂದೆ. ಪಕ್ಕದಲ್ಲಿ ಮಗ ಕೆಮ್ಮಿದ. "ಅಪ್ಪ, ರಾಮನಗರದಿಂದ ಇಲ್ಲಿಗೆ ಬರೋಷ್ಟರಲ್ಲಿ ಕೆಎ 42 ಗಾಡಿ ಎಷ್ಟು ಸಿಕ್ಕಿದ್ವು?"

"ಅರವತ್ತೊಂದು" ಅಂತ ಬಾಯಿಂದ ಬಂದೇಬಿಟ್ಟಿತು. ಡಾಕ್ಟರಮ್ಮ ನಗುತ್ತಾ ಬರೆದುಕೊಂಡರು.

ನನಗೆ 50ಕ್ಕೆ 38 ಬಂತು. 32 ದಾಟಿದರೆ ಇನ್ನಷ್ಟು ವಿಚಾರಿಸಿ ಅನ್ನುವ ಸೂಚನೆ ಮಾತ್ರ, ಅದರ ಮೇಲೇ ತೀರ್ಮಾನ ಮಾಡುವ ಹಾಗಿಲ್ಲ ಅಂದರು. ಇದು ಬಾಲ್ಯದಿಂದಲೇ ಇರಬೇಕು. ಹಾಗಾಗಿ, "ಸರ್, ನಿಮ್ಮನ್ನ ಚಿಕ್ಕವರಿದ್ದಾಗ ನೋಡಿದವರು ಯಾರಾದ್ರೂ ಇದ್ದಾರಾ?" ಅಂತ ಕೇಳಿದರು. ಎಪ್ಪತ್ತು ದಾಟಿದವನಿಗೆ ಸಾಕ್ಷಿ ಎಲ್ಲಿಂದ ತರುವುದು? ಉಳಿದಿದ್ದವಳು ಮಾಗಡಿಯಲ್ಲಿರುವ ಅಕ್ಕ ಒಬ್ಬಳೇ. ಅವಳಿಗೆ 81.

ಎರಡನೇ ಸಲ ಅಕ್ಕನನ್ನು ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕೇಳಿದ್ದೇ ತಡ, ಕೋಡಿ ಬಿದ್ದ ಕೆರೆಯ ಹಾಗೆ ಶುರುಮಾಡಿದಳು. ಹುಣಿಸೆ ಬೀಜ ಸಾಲು ಜೋಡಿಸಿಕೊಂಡು ನಾನು ಹೊತ್ತು ಕಳೆಯುತ್ತಿದ್ದದ್ದು. ತಿರುಮಲೆ ರಂಗನಾಥಸ್ವಾಮಿ ತೇರಿನಲ್ಲಿ ಎಲ್ಲರೂ ದೇವರನ್ನು ನೋಡಿದರೆ ನಾನು ಚಕ್ರವನ್ನೇ ನೋಡುತ್ತಾ ನಿಂತದ್ದು, ತಮಟೆ ಹತ್ತಿರ ಬಂದಾಗ ಅರಚಿಕೊಂಡು ಓಡಿಹೋದದ್ದು. ಮುಖ ನೋಡಿ ಉತ್ತರ ಹೇಳಲಿಲ್ಲ ಅಂತ ಮೇಷ್ಟ್ರು ಬೆತ್ತ ಮುರಿಯುವ ಹಾಗೆ ಹೊಡೆದದ್ದು. "ಇವನ ಮಾತೆಲ್ಲ ನಾನೇ ಆಡ್ತಿದ್ದೆ ಕಣಮ್ಮ. ಅಂಗಡಿಗೆ ಕಳಿಸಿದ್ರೆ ಜೊತೇಲಿ ನಾನೂ ಹೋಗ್ಬೇಕಾಗಿತ್ತು" ಅಂದಳು.

ಆಮೇಲೆ ಇನ್ನೊಂದು ಮಾತು ಹೇಳಿದಳು. ಅದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಇವನು ಹೊಟ್ಟೇಲಿದ್ದಾಗ ಅವ್ವ ಗ್ರಹಣದಲ್ಲಿ ಆಚೆಗೆ ಬಂದಿದ್ಳಂತೆ. ಅದಕ್ಕೇ ಮಗು ಹಿಂಗಾಯ್ತು ಅಂತ ಅಜ್ಜಿ ಸಾಯೋ ತನಕ ಅಂದ್ಳು. ಅವ್ವ ನೀರೊಲೆ ಮುಂದೆ ಕೂತು ಅಳೋಳು. ಹೊಗೆ ಅನ್ನೋಳು."

ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ಕನಕಪುರದಲ್ಲಿ ಸೊಸೆ ಎಲೆ ಮಡಿಚಿದ್ದು ಕಣ್ಣಿಗೆ ಬಂತು. ಅವ್ವನಿಗೆ ಗ್ರಹಣ, ಇವಳಿಗೆ ಮೊಬೈಲ್.

ಕೊನೆಗೆ ಡಾಕ್ಟರಮ್ಮ ಹೌದು ಅಂದರು. ಪ್ರಮಾಣಪತ್ರದ ವಿಚಾರವೂ ಬಂತು. 2016ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಕೂಡ ಸೇರಿದೆ. ನನಗೆ ಈಗ ಅದರಿಂದ ಆಗಬೇಕಾದ್ದೇನೂ ಇಲ್ಲ, ಬೇಡ ಅಂದೆ. ಕೇಳಬೇಕಾಗಿದ್ದು ಒಂದೇ. "ಮೊಮ್ಮಗನಿಗೆ ನನ್ನಿಂದಲೇ ಬಂತು ಅಂತ ಬರೆದುಕೊಡ್ತೀರಾ ಮೇಡಂ?" ಹಾಗೆ ಬರೆಯಲು ಬರುವುದಿಲ್ಲ, ವಂಶದಿಂದ ಬರುವ ಪಾಲು ದೊಡ್ಡದೇ, ಆದರೆ ಇಂಥವರಿಂದಲೇ ಅಂತ ಬೆರಳು ಮಾಡಿ ತೋರಿಸಲಾಗದು ಅಂದರು. "ತಾಯಿ ಬೆಳೆಸಿದ ರೀತಿಯಿಂದ ಬರೋದಿಲ್ಲ. ಇದನ್ನು ಬೇಕಾದರೆ ಎಲ್ಲಿ ಬೇಕಾದ್ರೂ ಹೇಳ್ತೀನಿ" ಅಂತಲೂ ಅಂದರು.

ಹೊರಡುವಾಗ ಅವರು ಒಬ್ಬರ ಹೆಸರು ಹೇಳಿದರು, ಡೊನಾಲ್ಡ್ ಟ್ರಿಪ್ಲೆಟ್. ಮನೆಗೆ ಬಂದು ಮಗನಿಂದ ಹುಡುಕಿಸಿ ಓದಿದೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದ ಲೇಖನದಲ್ಲಿ ಹನ್ನೊಂದು ಮಕ್ಕಳಿದ್ದರು. ಮೊದಲನೆಯ ಮಗು ಈ ಡೊನಾಲ್ಡ್. ಮುಂದೆ ಏನಾದರು ಗೊತ್ತೆ? ಬ್ಯಾಂಕಿನಲ್ಲಿ ಗುಮಾಸ್ತ! ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹತ್ತಾರು ವರ್ಷ ಲೆಕ್ಕ ಬರೆದರು, ಗಾಲ್ಫ್ ಆಡಿದರು, ದೇಶ ಸುತ್ತಿದರು. ಪರಿಚಯದವರಿಗೆಲ್ಲ ಒಂದೊಂದು ನಂಬರ್ ಕೊಟ್ಟು ಅದನ್ನು ಮರೆಯದೆ ಇಟ್ಟುಕೊಂಡಿದ್ದರಂತೆ. 2023ರಲ್ಲಿ 89 ವರ್ಷದವರಾಗಿ ತೀರಿಕೊಂಡರು. ಊರಿನವರು ಅವರನ್ನು ತಮ್ಮವರೆಂದೇ ನೋಡಿಕೊಂಡರು ಅಂತ ಓದಿ ಆ ಊರಿನ ಮೇಲೆ ಗೌರವ ಬಂತು.

ಹೋದ ಭಾನುವಾರ ಮಾಗಡಿಯಲ್ಲಿ ಒಂದು ನಾಮಕರಣ. ಕನಕಪುರದಲ್ಲಿದ್ದ ಅದೇ ನೆಂಟರು ಎದುರು ಸಿಕ್ಕರು. ಊಟಕ್ಕೆ ಕೂತಾಗ ಮೊಮ್ಮಗನ ಮಾತು ತೆಗೆದರು. ಹತ್ತು ಜನರ ಮುಂದೆ ಮಾತಾಡಲು ನನಗೆ ಎಷ್ಟು ಕಷ್ಟ ಅಂತ ಈಗ ನಿಮಗೂ ಗೊತ್ತಾಗಿದೆ. ಸಾರಿನ ಬಕೆಟ್ಟನ್ನೇ ನೋಡುತ್ತಾ ಹೇಳಿದೆ. "ಅದು ನನಗೂ ಇದೆ. ಡಾಕ್ಟರೇ ಹೇಳಿದ್ದಾರೆ. ನಾನು ಹುಟ್ಟಿದಾಗ ನಮ್ಮನೇಲಿ ಕರೆಂಟೇ ಇರಲಿಲ್ಲ, ಇನ್ನು ಮೊಬೈಲ್ ಎಲ್ಲಿಂದ ಬರ್ಬೇಕು?"

ಯಾರೂ ಮಾತಾಡಲಿಲ್ಲ. ಎದುರು ಸಾಲಿನಲ್ಲಿದ್ದ ಸೊಸೆ ಎರಡನೇ ಸಲ ಪಾಯಸ ಹಾಕಿಸಿಕೊಂಡಳು.

ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗ ಕೇಳಿದ. "ತಾತ, ನಿಂಗೆಷ್ಟು ಬಂತು?"

"ಐವತ್ತಕ್ಕೆ ಮೂವತ್ತೆಂಟು."

"ನಂಗೆ ಇನ್ನೂರಕ್ಕೆ ಎಂಬತ್ನಾಲ್ಕು. ಅಂದ್ರೆ 42 ಪರ್ಸೆಂಟ್. ನಿಂದು 76. ನೀನೇ ಜಾಸ್ತಿ!"

"ಅದು ಬೇರೆ ಪರೀಕ್ಷೆ, ಇದು ಬೇರೆ ಕಣೋ. ಅಲ್ಲದೆ ನಿಂದು ಸೊನ್ನೆಯಿಂದ ಶುರುವಾಗೋದಿಲ್ಲ, ನಲವತ್ತರಿಂದ. ನಲವತ್ತು ಕಳೆದು ಲೆಕ್ಕ ಹಾಕು."

ಅವನು ಕಣ್ಣು ಮುಚ್ಚಿ ಬೆರಳು ಮಡಿಚತೊಡಗಿದ. ರಾಮನಗರ ಬರುವಷ್ಟರಲ್ಲಿ 27.5 ಅಂದ. ಸರಿಯಾಗಿತ್ತು.